ಒಂದೇ ಗಿಡದಲ್ಲಿ ಮೋಸಂಬಿ, ಜಂಬೇರಿ

ಗಣೇಶನ ಹಬ್ಬ ಮುಗಿದ ಮೇಲೆ ಸಿರವಾರದ ಕಡೆ ಇರುವ ಸೋದರಮಾವನ ತೋಟಕ್ಕೆ ಹೋಗಿದ್ದೆ. ರಾಯಚೂರು ಅಂದ್ರೆ ಭತ್ತ, ಹತ್ತಿ ಅಂತಾರೆ ಎಲ್ಲರೂ. ಮಾವನ ಹೊಲ ಕಾಲುವೆಯ ಕೊನೆಗಿದೆ, ನೀರು ಬಂದರೆ ಬಂತು. ಅದಕ್ಕೇ ಬೋರ್‌ವೆಲ್ ನಂಬಿ ಮೋಸಂಬಿ ಹಾಕಿದ್ದಾರೆ.

ಅವತ್ತು ಹಣ್ಣು ಕೀಳುತ್ತಿದ್ದರು. ಬುಟ್ಟಿ ತುಂಬಾ ಹಸಿರು. ವ್ಯಾಪಾರಿ ಮುಖ ಸಣ್ಣದು ಮಾಡಿ, "ಇನ್ನಾ ಕಾಯಿ ಅದಾವಲ್ರೀ" ಎಂದು ರೇಟು ಇಳಿಸಲು ನೋಡಿದರು.

"ಬಣ್ಣ ನೋಡಬ್ಯಾಡ್ರಿ, ಕೊಯ್ದು ನೋಡ್ರಿ" ಎಂದು ಮಾವ ಒಂದನ್ನು ಹೋಳು ಮಾಡಿ ಕೊಟ್ಟರು. ರಸ ಮೊಣಕೈವರೆಗೆ ಇಳಿಯಿತು. ಸಿಹಿ ಅಂದ್ರೆ ಸಿಹಿ.

ಈ ಜಾತಿಯ ಸಿಪ್ಪೆ ಹಳದಿಯಾಗಬೇಕಾದರೆ ರಾತ್ರಿ ಚಳಿ ಬೀಳಬೇಕು. ನಮ್ಮ ಸೆಕೆಯಲ್ಲಿ ಒಳಗೆ ಹಣ್ಣಾದರೂ ಹೊರಗಿನ ಹಸಿರು ಹೋಗಲ್ಲ. ಮೇಲಾಗಿ ಇದು ಮಾವಿನಹಣ್ಣಲ್ಲ, ಕಿತ್ತ ಮೇಲೆ ಹುಲ್ಲಲ್ಲಿಟ್ಟರೆ ಸಿಹಿ ಏರಲ್ಲ. ಗಿಡದಲ್ಲಿ ಎಷ್ಟು ಬಂತೋ ಅಷ್ಟೇ. ಸಿಪ್ಪೆ ನಯವಾಗಿದ್ದು ಕೈಗೆ ಭಾರ ಹತ್ತಿದರೆ ಸಾಕು. ವರ್ಷವಿಡೀ ದುಡಿದವರ ಹಣ್ಣಿಗೆ ಬರೀ ಸಿಪ್ಪೆ ನೋಡಿ ಬೆಲೆ ಕಟ್ಟುವುದು ನನಗೆ ಅನ್ಯಾಯ ಅನಿಸುತ್ತದೆ.

ಬದುವಿನ ಹತ್ತಿರದ ಒಂದು ಗಿಡ ನೋಡಿ ನಿಂತುಬಿಟ್ಟೆ. ಮೇಲೆಲ್ಲ ಮೋಸಂಬಿ. ಬುಡದಿಂದ ಎದ್ದ ಒಂದು ಕೊಂಬೆಯಲ್ಲಿ ಮಾತ್ರ ಉದ್ದುದ್ದ ಮುಳ್ಳು, ಗಂಟುಗಂಟಾದ ದಪ್ಪ ಸಿಪ್ಪೆಯ ಹಳದಿ ಹಣ್ಣು. ಮೂಸಿದರೆ ಲಿಂಬೆ ವಾಸನೆ. ಚೀಪಿದರೆ ಹಲ್ಲು ಜುಮ್ಮೆನ್ನುವ ಹುಳಿ.

"ಅದು ಜಂಬೇರಿ. ಕಣ್ಣು ಕಟ್ಟಿದ್ದರ ಕೆಳಗಿಂದ ಚಿಗತದ" ಅಂದರು ಮಾವ.

ಮೋಸಂಬಿ ಸಸಿ ಅಂತ ನಾವು ತರುವುದು ಎರಡು ಗಿಡಗಳ ಜೋಡಿ. ಬೇರು ಗಟ್ಟಿ ಜಂಬೇರಿಯದು, ಅದರ ಮೇಲೆ ಕಸಿ ಮಾಡಿದ ಮೋಸಂಬಿಯ ಕಣ್ಣು, ಅಂದ್ರೆ ಚಿಗುರುವ ಮೊಗ್ಗು. ಕೆಳಗಿನದು ಚಿಗುರಿದರೆ ತನ್ನ ಜಾತಿಯ ಹಣ್ಣನ್ನೇ ಬಿಡುತ್ತದೆ.

ಒಂದು ಜಾತಿಗೆ ಇನ್ನೊಂದು ಹೀಗೆ ಒಗ್ಗುವುದು ಸುಮ್ನೆ ಅಲ್ಲ, ಇವೆಲ್ಲ ಹತ್ತಿರದ ನೆಂಟರು. ಚಕ್ಕೋತ, ಸಡಿಲ ಸಿಪ್ಪೆಯ ಕಿತ್ತಳೆ, ಮಾದಲ ಇವು ಹಳೆಯ ಮೂಲಗಳು. ಚಕ್ಕೋತಕ್ಕೂ ಕಿತ್ತಳೆಗೂ ಹುಟ್ಟಿದ ಪೈಕಿ ನಮ್ಮ ಮೋಸಂಬಿಯೂ ಒಂದು. ಅದಕ್ಕೇ ಸಿಪ್ಪೆ ಅಂಟಿಕೊಂಡಿರುತ್ತದೆ. ಕೊಡಗಿನ, ನಾಗಪುರದ ಕಿತ್ತಳೆಯಂತೆ ಬೆರಳಲ್ಲೇ ಸುಲಿಯಲು ಬರಲ್ಲ. ಉಪ್ಪಿನಕಾಯಿಗೆ ನಾವು ತರುವ ತೆಳು ಸಿಪ್ಪೆಯ ಇಂಡಿ ಲಿಂಬೆಯಲ್ಲೂ ಮಾದಲದ ರಕ್ತವಿದೆ.

ಮೋಸಂಬಿಯ ಪಾಲಿನ ಸಾರ ಎಳೆಯುತ್ತದೆ ಎಂದು ಮಾವ ಆ ಕೊಂಬೆಯನ್ನು ಬುಡಕ್ಕೇ ಕೊಯ್ದರು. ಹಣ್ಣು ಮಾತ್ರ ಎಸೆಯಲಿಲ್ಲ. ಜಂಬೇರಿಯ ಒಂದೇ ಬೀಜದಿಂದ ಎರಡು ಮೂರು ಸಸಿ ಏಳುತ್ತವೆ, ಹೆಚ್ಚಿನವು ತಾಯಿಗಿಡದಂತೆಯೇ ಇರುತ್ತವೆ. ಹೊಸ ಕಸಿಗೆ ಬೇರು ಅಲ್ಲಿಂದಲೇ. ಬೀಜ ಒಣಗಿದರೆ ಸರಿಯಾಗಿ ಮೊಳೆಯಲ್ಲ. ಅವತ್ತು ಸಂಜೆಯೇ ಬೀಜ ತೊಳೆದು ಪಾತಿಗೆ ಹಾಕಿದೆವು.