ಕಿಟಕಿಯವರೆಗೆ 12 ಹೆಜ್ಜೆ

ಅಪ್ಪನಿಗೆ ಪಿತ್ತಕೋಶದ ಆಪರೇಷನ್ ಆಗಿ ಒಂದು ರಾತ್ರಿ ಕಳೆದಿತ್ತಷ್ಟೆ. ಬೆಳಿಗ್ಗೆ ಸಿಸ್ಟರ್ ಬಂದವರೇ, "ತಾತ, ಏಳಿ, ಸ್ವಲ್ಪ ಓಡಾಡೋಣ" ಅಂದರು. ನನ್ನ ಎದೆ ಧಸಕ್ಕೆಂದಿತು. 71ರ ಜೀವ, ಹೊಟ್ಟೆ ಕೊಯ್ದು ಹೊಲಿದಿದ್ದಾರೆ, ರಾತ್ರಿಯಿಡೀ ನರಳಿದ್ದಾರೆ. "ಇವತ್ತೊಂದು ದಿನ ಮಲಗಿರಲಿ ಸಿಸ್ಟರ್" ಎಂದು ಅಡ್ಡ ನಿಂತೆ.

"ಮಲಗಿದ್ರೇನೇ ನಮಗೆ ಭಯ" ಅಂದ ಅವರು ಅಪ್ಪನ ಮೀನಖಂಡ ಮುಟ್ಟಿ ತೋರಿಸಿದರು. ಕಾಲಿಗಿಳಿದ ರಕ್ತ ಮೇಲೇರಲು ಹೆಜ್ಜೆಹೆಜ್ಜೆಗೂ ಹಿಂಡಿಕೊಳ್ಳುವ ಈ ಸ್ನಾಯುವೂ ದುಡಿಯಬೇಕಂತೆ. ಅದು ಸುಮ್ಮನಿದ್ದರೆ ರಕ್ತ ಅಲ್ಲೇ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಮಲಗಿಯೇ ಇದ್ದರೆ ಉಸಿರು ಆಳಕ್ಕಿಳಿಯದೆ ಕಫವೂ ಕಟ್ಟುತ್ತದೆ. ವಿಶ್ರಾಂತಿಯೆಂದರೆ ಔಷಧಿ ಎಂದೇ ನಂಬಿದ್ದ ನನಗೆ ಮಾತು ಹೊರಡಲಿಲ್ಲ.

ಅವರು ಅವಸರ ಮಾಡಲಿಲ್ಲ. ಮೊದಲು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸಿದರು. ತಲೆ ಸುತ್ತುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಕೈಗೊಂದು ದಿಂಬು ಕೊಟ್ಟು, "ಹೊಟ್ಟೆಗೆ ಒತ್ತಿ ಹಿಡ್ಕೊಳ್ಳಿ, ಕೆಮ್ಮು ಬಂದ್ರೂ ಹೊಲಿಗೆ ಎಳೆಯಲ್ಲ" ಅಂದರು. ಅಪ್ಪ ಒಂದು ಕೈಯಲ್ಲಿ ದಿಂಬು, ಇನ್ನೊಂದರಲ್ಲಿ ನನ್ನ ಭುಜ ಹಿಡಿದು ಎದ್ದರು. ಡ್ರಿಪ್ ಸ್ಟ್ಯಾಂಡ್ ಸಿಸ್ಟರ್ ಕೈಯಲ್ಲಿ. ಕಿಟಕಿಯವರೆಗೆ 12 ಹೆಜ್ಜೆ. ಅಲ್ಲಿ ನಿಂತು ಹೊರಗೆ ನೋಡುತ್ತಾ ಅಪ್ಪ ಬಹಳ ಹೊತ್ತು ಉಸಿರೆಳೆದುಕೊಂಡರು. ಹಣೆಯ ಮೇಲೆ ಬೆವರು. ಆದರೂ ಮಧ್ಯಾಹ್ನ ತಾವೇ "ಹೋಗೋಣವಾ?" ಎಂದು ಕೇಳಿದರು. ಸಂಜೆಗೆ ಗಾಳಿ ಹೋಯಿತು. ಕರುಳು ಕೆಲಸ ಶುರುಮಾಡಿದೆ ಎಂದು ಸಿಸ್ಟರ್ ಮುಖ ಅರಳಿದ್ದನ್ನು ನಾನು ಮರೆಯಲಾರೆ.

ಮನೆಗೆ ಹೊರಟಾಗ ಡಾಕ್ಟರು ಭಾರ ಎತ್ತಬೇಡಿ, ನಡೆಯುವುದನ್ನು ಮಾತ್ರ ಬಿಡಬೇಡಿ ಅಂದರು. ಈ ವಯಸ್ಸಿನಲ್ಲಿ ಕೆಲವೇ ದಿನ ಹಾಸಿಗೆ ಹಿಡಿದರೂ ತೊಡೆಯ ಸ್ನಾಯು ಕರಗುತ್ತದೆ, ಮತ್ತೆ ತುಂಬಿಕೊಳ್ಳಲು ತಿಂಗಳುಗಳೇ ಬೇಕು. ಆಮೇಲೆ ನನ್ನ ಕಡೆ ತಿರುಗಿ, "ನೀವು ದಿನಕ್ಕೆಷ್ಟು ನಡೀತೀರಿ?" ಅಂದರು. ದಿನವೆಲ್ಲಾ ಕುರ್ಚಿಯಲ್ಲೇ ಕಳೆಯುವ, ಸಕ್ಕರೆ ಗಡಿಯಲ್ಲಿರುವ ನನ್ನ ಬಳಿ ಉತ್ತರವಿರಲಿಲ್ಲ. ನಡೆಯುವಾಗ ಸ್ನಾಯುಗಳು ಇನ್ಸುಲಿನ್‌ಗೆ ಕಾಯದೆಯೂ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ ಎಂದು ಅವರು ಬಿಡಿಸಿ ಹೇಳಿದರು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ. ಐದು ದಿನ ಅರ್ಧರ್ಧ ಗಂಟೆ ಬಿರುಸಾಗಿ ನಡೆದರೆ ಆಯಿತು.

ಅಂದಿನಿಂದ ರಾತ್ರಿ ಊಟವಾದ ಮೇಲೆ ಅಪ್ಪ, ನಾನು ಜೊತೆಯಾಗಿ ಹೊರಡುತ್ತೇವೆ. ಅವರಿಗೆ ಬೇಕಾದಷ್ಟು ನಿಧಾನವಾಗಿ. ಬೆಳಗಿನ ಬಿರುಸು ನಡಿಗೆ ನನ್ನೊಬ್ಬನದು.

ಹೊಲಿಗೆ ಬಿಚ್ಚಿಸಲು ಹೋದ ದಿನ ಅಪ್ಪ ಅದೇ ವಾರ್ಡಿಗೆ ಹೋಗಿ ಸಿಸ್ಟರನ್ನು ಮಾತಾಡಿಸಿದರು. ಅವರಿದ್ದ ಮಂಚದಲ್ಲಿ ಬೇರೊಬ್ಬ ಹಿರಿಯರು ಏಳಲು ಹೆದರಿ ಕೂತಿದ್ದರು, ಮಗ ಪಕ್ಕದಲ್ಲಿ. ಅಪ್ಪ ಹತ್ತಿರ ಹೋಗಿ ಮಂಚದ ಮೇಲಿದ್ದ ದಿಂಬು ತೆಗೆದು ಆ ಹುಡುಗನ ಕೈಗಿಟ್ಟರು. "ಇದನ್ನ ಹೊಟ್ಟೆಗೆ ಒತ್ತಿಕೊಳ್ಳಲಿ ಮಗಾ. ಕಿಟಕಿ ದೂರ ಇಲ್ಲ."