ಐದು ತಿಂಗಳಿಗೆ ‘ಜುಮ್’ ಅಂದ ಹಲ್ಲು

12 ಜೂನ್ 2024, ಬುಧವಾರ
ಶಿವಮೊಗ್ಗ

ಬೆಳಿಗ್ಗೆಯಿಂದ ಜಡಿಮಳೆ. ಕ್ಲಿನಿಕ್ ಖಾಲಿ. ಹನ್ನೊಂದಕ್ಕೆ ತೀರ್ಥಹಳ್ಳಿ ಕಡೆಯ ಹುಡುಗ ಅಪ್ಪನ ಜೊತೆ ಒದ್ದೆ ಕೊಡೆ ಹಿಡಿದು ಬಂದ.

ಹಲ್ಲಿಗೆ ಜೀವ ಇದೆಯೇ ಎಂದು ನೋಡಲು, ಕೋಲ್ಡ್ ಸ್ಪ್ರೇ ಹೊಡೆದ ಹತ್ತಿ ಉಂಡೆಯನ್ನು ಮೊದಲು ಪಕ್ಕದ ಹಲ್ಲಿಗೆ ಇಟ್ಟೆ. ತಕ್ಷಣ ಕೈ ಎತ್ತಿದ. ಆಮೇಲೆ ನಾಟಿ ಹಲ್ಲಿಗೆ, ಅಂದರೆ ಹುಳುಕು ಹಲ್ಲಿನ ಜಾಗಕ್ಕೆ ನಾನು ಕಿತ್ತು ನೆಟ್ಟಿದ್ದ ಅವನದೇ ಬುದ್ಧಿಹಲ್ಲಿಗೆ, ಇಟ್ಟೆ. ಒಂದು, ಎರಡು, ಮೂರು... ಕೈ ತೊಡೆ ಮೇಲೇ ಇತ್ತು. ಮಾರ್ಚ್‌ನಲ್ಲೂ ಹೀಗೇ ಆಗಿತ್ತು. ಹತ್ತಿ ತೆಗೆಯಬೇಕು ಅನ್ನುವಷ್ಟರಲ್ಲಿ ಬೆರಳು ಮೇಲೆದ್ದಿತು.

“ಜುಮ್ ಅಂತು ಮೇಡಂ.”

ಹುಡುಗನಿಗೆ 17 ವರ್ಷ. ಕೆಳಗಿನ ದವಡೆ ಹಲ್ಲು ಹುಳುಕಾಗಿ ಒಸಡಿನ ಕೆಳಗೂ ಮುರಿದಿತ್ತು. ದವಡೆ ಇನ್ನೂ ಬೆಳೆಯುವ ವಯಸ್ಸು, ಇಂಪ್ಲಾಂಟ್ (ಎಲುಬಿಗೆ ಕೂರಿಸುವ ಕೃತಕ ಬೇರು) ಹಾಕುವ ಹಾಗಿಲ್ಲ. ಆದರೆ ಹಿಂದುಗಡೆ ಬುದ್ಧಿಹಲ್ಲು ಇತ್ತು. ಅದರ ಬೇರು ಮುಕ್ಕಾಲು ಭಾಗ ಮಾತ್ರ ಬೆಳೆದಿತ್ತು. ತುದಿ ಇನ್ನೂ ಕೊಳವೆ ಹಾಗೆ ತೆರೆದಿತ್ತು. ಆ ತೆರೆದ ತುದಿಯಿಂದಲೇ ಹೊಸ ರಕ್ತನಾಳಗಳು ಒಳಗೆ ಹೋಗಿ ಹಲ್ಲಿನ ಜೀವ ಉಳಿಸಬೇಕು. ಬೇರು ಪೂರ್ತಿ ಬೆಳೆದು ತುದಿ ಮುಚ್ಚಿದ್ದರೆ ರೂಟ್ ಕೆನಾಲ್ ಬಿಟ್ಟು ಬೇರೆ ದಾರಿಯಿಲ್ಲ.

ಜನವರಿಯಲ್ಲಿ ಮಾಡಿದ್ದು. ಸ್ಕ್ಯಾನ್ ನೋಡಿ ಬುದ್ಧಿಹಲ್ಲಿನ ಅಚ್ಚನ್ನು ಮೊದಲೇ ಪ್ರಿಂಟ್ ಮಾಡಿಸಿದ್ದೆ. ಹುಳುಕು ಹಲ್ಲು ಕಿತ್ತ ಗುಳಿಯಲ್ಲಿ ಆ ಅಚ್ಚನ್ನು ಇಟ್ಟು, ತೆಗೆದು, ಎಲುಬನ್ನು ಸ್ವಲ್ಪ ಸ್ವಲ್ಪ ಕೊರೆದೆ. ನಿಜವಾದ ಹಲ್ಲು ಮಾತ್ರ ಒಂದೇ ಸಲ ಹೊರಗೆ ಬರಬೇಕು. ಬೇರಿನ ಸುತ್ತಲಿನ ತೆಳು ಪೊರೆ ಒಣಗಿದರೆ ಮುಗೀತು, ದೇಹ ನಿಧಾನಕ್ಕೆ ಆ ಬೇರನ್ನೇ ತಿಂದುಬಿಡುತ್ತದೆ. ಅದಕ್ಕೇ ಹಲ್ಲಿನ ತಲೆಯನ್ನಷ್ಟೇ ಹಿಡಿದು, ಬೇರು ಮುಟ್ಟದೆ, ಆರು ನಿಮಿಷದೊಳಗೆ ಹೊಸ ಜಾಗಕ್ಕೆ ಇಳಿಸಿದೆ. ಮೇಲಿನ ಹಲ್ಲು ಬಡಿಯದಂತೆ ಕೊಂಚ ತಗ್ಗಿಸಿ, ಅಡ್ಡಡ್ಡ ಹೊಲಿಗೆ ಹಾಕಿದೆ. ಬಿಗಿಯಾಗಿ ಕಟ್ಟಬಾರದು, ಸ್ವಲ್ಪ ಅಲುಗಾಡಿದರೇ ಒಳ್ಳೆಯದು.

ಅವತ್ತು ಇದನ್ನೆಲ್ಲ ಅಪ್ಪನಿಗೆ ಬಿಡಿಸಿ ಹೇಳುತ್ತಿದ್ದೆ. ಅಡಿಕೆ ತೋಟದವರು. ಅರ್ಧದಲ್ಲೇ ತಡೆದು, “ಹೆಂಟೆ ಒಡೀದಂಗೆ ಸಸಿ ಇಡೋದು, ಅಷ್ಟೇ ಅಲ್ವಾ?” ಅಂದರು. ನಾನು ಸುಮ್ನೆ ಇಷ್ಟು ಹೊತ್ತು ಕೊರೆದೆ!

ಹಲ್ಲು ನೆಡುವುದು ಹೊಸದೇನಲ್ಲ. 18ನೇ ಶತಮಾನದ ಲಂಡನ್ನಿನಲ್ಲಿ ಜಾನ್ ಹಂಟರ್ ಎಂಬ ಶಸ್ತ್ರವೈದ್ಯ ಮನುಷ್ಯರ ಹಲ್ಲೊಂದನ್ನು ಹುಂಜದ ಜುಟ್ಟಿನಲ್ಲಿ ನೆಟ್ಟಿದ್ದ. ಆಗ ಬಡವರ ಹಲ್ಲು ಕಿತ್ತು ಶ್ರೀಮಂತರ ಬಾಯಿಗೆ ಹಾಕುವುದೂ ಇತ್ತು. ಪಾಪ, ಕೀಳಿಸಿಕೊಂಡವರಿಗೆ ಉಳಿದಿದ್ದು ಗುಳಿ ಮಾತ್ರ.

ಮಾರ್ಚ್‌ನಲ್ಲಿ ಹಲ್ಲು ಏನೂ ಅನ್ನದಿದ್ದಾಗ, “ಸತ್ತಿದೆ, ರೂಟ್ ಕೆನಾಲ್ ಮಾಡಿಬಿಡು” ಎಂದು ಗೆಳತಿ ಹೇಳಿದ್ದಳು. ನನ್ನ ಕೈಯೂ ತುರಿಸುತ್ತಿತ್ತು, ನಿಜ. ನಾವು ಕಲಿತಿದ್ದೆಲ್ಲ ಏನಾದರೂ ಮಾಡುವುದನ್ನೇ ತಾನೇ? ಆದರೆ ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಸೋಂಕಿನ ಗುರುತಾದ ಕಪ್ಪು ಕಲೆ ಇರಲಿಲ್ಲ. ಊತ, ನೋವು ಇರಲಿಲ್ಲ. ಹಲ್ಲಿಗೆ ತಣ್ಣಗಿನ ಅರಿವು ಮರಳಲು ತಿಂಗಳುಗಳೇ ಬೇಕಾಗುತ್ತವೆ. ಬಿಟ್ಟೆ. ಆದರೂ ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಇವತ್ತಿನ ಎಕ್ಸ್‌ರೇಯನ್ನು ಜನವರಿಯದರ ಪಕ್ಕ ಇಟ್ಟು ನೋಡಿದೆ. ಬೇರು ಚೂರು ಉದ್ದವಾಗಿದೆ. ಒಳಗಿನ ಕೊಳವೆ ಕಿರಿದಾಗಿದೆ. ಒಳಗೆ ಜೀವ ಇದ್ದರೆ ಮಾತ್ರ ಹೀಗೆ ಗೋಡೆ ದಪ್ಪವಾಗೋದು. ಮುಂದೆ ಆ ಕೊಳವೆ ಪೂರ್ತಿ ಮುಚ್ಚಿಕೊಳ್ಳಲೂಬಹುದು.

ಕಾರ್ಡಿನಲ್ಲಿ “ತಣ್ಣಗಿನ ಪರೀಕ್ಷೆ: ತಡವಾಗಿ, ಆದರೆ ಇದೆ” ಎಂದು ಬರೆದು, ಸೆಪ್ಟೆಂಬರ್‌ಗೆ ಬರಲು ಹೇಳಿದೆ. ಹುಡುಗ ಬಾಗಿಲ ಹತ್ತಿರ ನಿಂತು ತಿರುಗಿದ.

“ಮೇಡಂ, ಚಕ್ಕುಲಿ ತಿನ್ಬೋದಾ?”

“ಆ ಕಡೆಯಿಂದ ತಿನ್ನು.”

“ಆ ಕಡೆಯಿಂದ್ಲೇ ತಿಂತಾ ಇದೀನಿ. ಈ ಕಡೆಯಿಂದ ಯಾವಾಗ ಅಂತ.”