ಕೋಳಿ ರೆಕ್ಕೆ, ಕುರಿ ಮುಂಗಾಲು: ಮೂಳೆ ಹಲಗೆ ಎಲ್ಲಿಗೆ ಬಂತು

ಚಿತ್ರದುರ್ಗದ ಶಾಲೆಯೊಂದರ ವಿಜ್ಞಾನ ಕೊಠಡಿಗೆ ಈ ಹಲಗೆ: ತೋಳಿನ ಅವೇ ಮೂಳೆಗಳು ಬೇರೆಬೇರೆ ಪ್ರಾಣಿಗಳಲ್ಲಿ ಹೇಗೆ ರೂಪ ಬದಲಿಸಿವೆ ಎಂದು ತೋರಿಸಲು. ಮೂರು ಸಾಲು: ಮನುಷ್ಯನ ತೋಳಿನ ಪ್ಲಾಸ್ಟಿಕ್ ಮಾದರಿ, ನಾಟಿ ಕೋಳಿಯ ರೆಕ್ಕೆ, ಕುರಿಯ ಮುಂಗಾಲು. ಸುತ್ತಲಿನ ಬಂಡೆಯಲ್ಲಿ ಮೂಳೆ ಹುಡುಕಿ ಫಲವಿಲ್ಲ. ಮರಡಿಹಳ್ಳಿಯ ದಿಂಬು ಲಾವಾ (ನೀರಿನಡಿ ದಿಂಬಿನಾಕಾರದಲ್ಲಿ ಗಟ್ಟಿಯಾದ ಶಿಲೆ) 250 ಕೋಟಿ ವರ್ಷಕ್ಕಿಂತ ಹಳೆಯದು; ಬೆನ್ನೆಲುಬಿನ ಪ್ರಾಣಿಗಳು ಹುಟ್ಟಿದ್ದು ಸುಮಾರು 50 ಕೋಟಿ ವರ್ಷದ ಹಿಂದೆ. ಮಟನ್ ಅಂಗಡಿಯೇ ಗತಿ.

ಅಂಗಡಿಯಲ್ಲಿ ಮೊದಲೇ ಹೇಳಬೇಕು: ಕಾಲು ಸುಡಬೇಡಿ, ಮಂಡಿಯ ಹತ್ತಿರ ಕತ್ತರಿಸಬೇಡಿ. ಸುಟ್ಟರೆ ಮೂಳೆ ಕಂದುಗಟ್ಟುತ್ತದೆ. ಮಂಡಿ ಎಂದು ನಾವು ಕರೆಯುವ ಆ ಕೀಲು ನಿಜಕ್ಕೂ ಕುರಿಯ ಮಣಿಕಟ್ಟು. ಅಲ್ಲಿ ಕತ್ತಿ ಬಿದ್ದರೆ 6 ಸಣ್ಣ ಮೂಳೆಗಳು ಚೂರಾಗುತ್ತವೆ. ಬ್ರಾಯ್ಲರ್ ಬೇಡ. ಎಳೆಯ ಹಕ್ಕಿಯಾದ್ದರಿಂದ ಮೂಳೆಯ ತುದಿಗಳು ಇನ್ನೂ ಮೃದ್ವಸ್ಥಿ, ಬೇಯಿಸುವಾಗ ಕಳಚಿಹೋಗುತ್ತವೆ.

ನೀರು ಕುದಿಯಬಾರದು, ಸಣ್ಣ ಉರಿಯಲ್ಲಿ ಬಿಸಿಯಾಗಿದ್ದರೆ ಸಾಕು. ಜೋರಾಗಿ ಕುದಿಸಿದರೆ ಕೊಬ್ಬು ಮೂಳೆಯೊಳಗೆ ಇಳಿದು ತಿಂಗಳಾದ ಮೇಲೂ ಹಳದಿ ಜಿಡ್ಡು ಮೇಲೆ ಬರುತ್ತದೆ. ರೆಕ್ಕೆಯನ್ನು ಹಳೆಯ ಸಾಕ್ಸಿನಲ್ಲಿ ಕಟ್ಟಿ ಹಾಕಿ, ಇಲ್ಲದಿದ್ದರೆ ಹೆಬ್ಬೆರಳ ಮೂಳೆ ನೀರು ಚೆಲ್ಲುವಾಗಲೇ ಮಾಯ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ನೀರಲ್ಲಿ ಎರಡು ವಾರ, ದಿನ ಬಿಟ್ಟು ದಿನ ನೀರು ಬದಲು. ಕೊನೆಗೆ ಔಷಧಿ ಅಂಗಡಿಯ 6% ಹೈಡ್ರೋಜನ್ ಪೆರಾಕ್ಸೈಡಿಗೆ ಅಷ್ಟೇ ನೀರು ಬೆರೆಸಿ ಒಂದು ದಿನ. ಗ್ಲೌಸ್ ಹಾಕಿಕೊಳ್ಳಿ, ಮುಚ್ಚಳ ಬಿಗಿಮಾಡಬೇಡಿ, ಅನಿಲ ಏಳುತ್ತದೆ. ಬ್ಲೀಚಿಂಗ್ ದ್ರವ ಮಾತ್ರ ಖಂಡಿತ ಬೇಡ: ಮೂಳೆಯನ್ನು ಹಿಡಿದಿಡುವ ಕೊಲಾಜೆನ್ ಎಂಬ ಪ್ರೋಟೀನನ್ನು ತಿಂದುಹಾಕಿ ಸೀಮೆಸುಣ್ಣದಂತೆ ಪುಡಿಯಾಗಿಸುತ್ತದೆ.

ಈ ವಾರದ ಕೆಲಸ ಕುರಿಯ ಗೊರಸಿನ ಮೇಲಿನ ಉದ್ದ ಮೂಳೆ. ನೋಡಲು ಒಂದೇ. ಆದರೆ ಮುಂಭಾಗದಲ್ಲಿ ಉದ್ದಕ್ಕೂ ಒಂದು ಸಣ್ಣ ಗೀರು ಇಳಿದಿದೆ, ಬುಡದಲ್ಲಿ ಎರಡು ಗುಂಡು ತುದಿ. ಎಳೆ ಕುರಿಯದಾದ್ದರಿಂದ ಆ ಗುಂಡುಗಳು ಬೇಯಿಸಿದಾಗ ಎರಡು ಪ್ರತ್ಯೇಕ ತುಂಡುಗಳಾಗಿಯೇ ಕಳಚಿ ಬಂದವು. ಹ್ಯಾಕ್ಸಾದಿಂದ ಅಡ್ಡ ಕೊಯ್ದರೆ ಮಜ್ಜೆಯ ಕೊಳವೆಯ ನಡುವೆ ತೆಳು ಗೋಡೆ. ನಮ್ಮ ಅಂಗೈಯಲ್ಲಿ ನಡುಬೆರಳು ಮತ್ತು ಉಂಗುರ ಬೆರಳಿನ ಬುಡದಲ್ಲಿರುವ ಅವೇ ಎರಡು ಮೂಳೆಗಳು ಇಲ್ಲಿ ಬೆಸೆದಿವೆ. ಭ್ರೂಣದಲ್ಲಿ ಬೇರೆಬೇರೆಯಾಗಿಯೇ ಇರುತ್ತವೆ. ಹಲಗೆಯ ಜೀವವೇ ಈ ಕೊಯ್ದ ಮುಖ. ಅದಕ್ಕೇ ಮೂಳೆಗಳಿಗೆ ಬಣ್ಣ ಬಳಿಯುವ ಯೋಚನೆ ಕೈಬಿಟ್ಟು ಬಣ್ಣದ ದಾರ ಕಟ್ಟಿದ್ದೇವೆ. ಬಣ್ಣ ಬಳಿದರೆ ಬೆಸುಗೆ ಮುಚ್ಚುತ್ತದೆ.

ಚೀಟಿ ಅಂಟಿಸುವಾಗ ಒಂದು ತಪ್ಪಾಯಿತು. ಮೊಣಕೈಯಿಂದ ಮಣಿಕಟ್ಟಿನವರೆಗಿನ ಎರಡು ಮೂಳೆಗಳಲ್ಲಿ, ಕುರಿಗೆ ರೇಡಿಯಸ್ ದಪ್ಪ, ಅಲ್ನಾ ತೆಳು. ಕೋಳಿಯಲ್ಲಿ ತಿರುಗಾಮುರುಗಾ. ದಪ್ಪ ನೋಡಿ ಹೆಸರಿಡದೆ, ಮೊಣಕೈ ತುದಿ ಯಾವುದರಲ್ಲಿದೆ ಎಂದು ನೋಡಿ: ಅದೇ ಅಲ್ನಾ.

ಕೋಳಿಯ ಅಂಗೈಯೂ ಬೆಸೆದದ್ದೇ. ಅದರ ಪಕ್ಕಕ್ಕೆ ಆರ್ಕಿಯಾಪ್ಟೆರಿಕ್ಸ್ ಎಂಬ ಪುರಾತನ ಹಕ್ಕಿಯ ಪಳೆಯುಳಿಕೆಯ ಚಿತ್ರ ಬರುತ್ತದೆ. 1861ರಲ್ಲಿ ಜರ್ಮನಿಯ ಸುಣ್ಣಕಲ್ಲಿನಲ್ಲಿ ಸಿಕ್ಕ, ಸುಮಾರು 15 ಕೋಟಿ ವರ್ಷ ಹಳೆಯ ಜೀವಿ. ಗರಿಯ ಜೊತೆಗೇ ಹಲ್ಲು, ಉದ್ದ ಬಾಲದೆಲುಬು, ಬೆಸೆಯದ ಮೂರು ಅಂಗೈ ಮೂಳೆ, ಬೆರಳ ತುದಿಗೆ ಉಗುರು. ಹಲಗೆಯ ಮೇಲ್ತುದಿಗೆ ಟಿಕ್ಟಾಲಿಕ್: 2004ರಲ್ಲಿ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ದೊರೆತ, 37.5 ಕೋಟಿ ವರ್ಷದ ಮೀನು. ಈಜುರೆಕ್ಕೆಯೊಳಗೆ ಆಗಲೇ ನಮ್ಮ ತೋಳಿನಂತೆ ಒಂದು ಮೂಳೆ, ಅದರ ಕೆಳಗೆ ಎರಡು.

ರೆಕ್ಕೆ ಇನ್ನೂ ಒಣಗುತ್ತಿದೆ, ನೆರಳಲ್ಲಿ. ಬಿಸಿಲಿಗಿಟ್ಟರೆ ಸೀಳು ಬಿಡುತ್ತದೆ.